ನ್ಯೂಮ್ ಬಿಡಿಸುವ ಕೆಲಸ

ಚರ್ಚಿನಲ್ಲಿ ಹಾಡುವ ಗ್ರೆಗೋರಿಯನ್ ಗಾನದ ಹಳೆಯ ಪುಸ್ತಕ ಸಿಕ್ಕರೆ ಅದರ ಒಂದು ಸ್ವರವನ್ನು ಭೂತಗನ್ನಡಿಯಲ್ಲಿ ನೋಡಿ. ಬರಿಗಣ್ಣಿಗೆ ಅದು ಕರಿ ಚೌಕ. ಹತ್ತಿರದಿಂದ ನೋಡಿದರೆ ಮೇಲಿನ ಅಂಚು ಕೊಂಚ ಬಾಗಿರುತ್ತದೆ. ಕೆಳಗಿನ ಅಂಚೂ ಬಾಗಿರುತ್ತದೆ. ಅಗಲ ಮೂತಿಯ ಲೇಖನಿ ಚರ್ಮದ ಹಾಳೆಗೆ ತಾಗಿ, ಒಂದಿಷ್ಟು ಬಲಕ್ಕೆ ಸರಿದು, ಮೇಲೆದ್ದಾಗ ಉಳಿಯುವ ಗುರುತು ಅದು. ಹೆಸರು ಪುಂಕ್ಟುಮ್. ಒಂದು ಅಕ್ಷರಕ್ಕೆ ಒಂದೇ ಸ್ವರ ಇದ್ದಾಗ ಬರೆಯುವ ಗುರುತು.

ಇದನ್ನು ಕಂಪ್ಯೂಟರಿನಲ್ಲಿ ನಿಜವಾದ ಚೌಕವಾಗಿ ಬಿಡಿಸಿಬಿಡುವುದು ಬಹಳ ಸುಲಭ. ನಾಲ್ಕು ಬಿಂದು ಇಟ್ಟರೆ ಮುಗಿಯಿತು. ಆದರೆ ಅಂಥ ಚೌಕಗಳಿಂದ ಒಂದು ಪುಟ ತುಂಬಿಸಿ ನೋಡಿ. ಹೆಂಚು ಜೋಡಿಸಿದ ಹಾಗೆ ಕಾಣುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಕಣ್ಣು ಹರಿಯುವುದೇ ಇಲ್ಲ. ಆ ಸಣ್ಣ ಬಾಗು ಇದ್ದರೆ ಪ್ರತಿ ಸ್ವರಕ್ಕೂ ಒಂದು ಹೋಗುವ ದಿಕ್ಕು ಬರುತ್ತದೆ.

ಕನ್ನಡ ಅಕ್ಷರ ಬಿಡಿಸುವುದು, ಫಾಂಟ್ ಮಾಡುವುದು ನನ್ನ ಕೆಲಸ. ಬೆಂಗಳೂರಿನ ಪರಿಚಯದ ಪಾದ್ರಿಯೊಬ್ಬರು ಕ್ರಿಸ್‌ಮಸ್ಸಿಗೆ ಲ್ಯಾಟಿನ್ ಹಾಡುಗಳ ಸಣ್ಣ ಪುಸ್ತಿಕೆ ಬೇಕು ಅಂದರು. ಅದರ ಪುಟ ಕಟ್ಟುವಾಗ ಈ ಲಿಪಿಯ ಪರಿಚಯವಾಯಿತು. ಪುಸ್ತಿಕೆ ಮುಗಿದರೂ ಲಿಪಿ ಬಿಡಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ನ್ಯೂಮ್‌ಗಳನ್ನು, ಅಂದರೆ ಈ ಲಿಪಿಯ ಸ್ವರಗುರುತುಗಳನ್ನು, ಬಿಡಿಸುತ್ತಾ ಕೂರುತ್ತೇನೆ. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ರೆಗೋರಿಯನ್ ಗಾನ ಅಂದರೆ ಕ್ಯಾಥೊಲಿಕ್ ಚರ್ಚಿನ ಲ್ಯಾಟಿನ್ ಆರಾಧನೆಯ ಹಾಡು. ಎಲ್ಲರೂ ಹಾಡುವುದು ಒಂದೇ ಎಳೆಯನ್ನು. ನಮ್ಮ ತಾಳದಂಥ ಲೆಕ್ಕ ಇಲ್ಲ. ಮಾತಿನ ನಡೆಯೇ ಹಾಡಿನ ನಡೆ. 590ರಿಂದ 604ರವರೆಗೆ ಪೋಪ್ ಆಗಿದ್ದ ಮೊದಲನೆಯ ಗ್ರೆಗರಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಆದರೆ ಇಂದು ನಮಗೆ ಗೊತ್ತಿರುವ ಹಾಡುಗಳು ಈ ರೂಪಕ್ಕೆ ಬಂದದ್ದು ಅವನ ಕಾಲಕ್ಕಿಂತ ಬಹಳ ಈಚೆಗೆ, 8 ಮತ್ತು 9ನೇ ಶತಮಾನದ ಫ್ರಾಂಕ್ ರಾಜ್ಯದಲ್ಲಿ.

ಮೊದಮೊದಲಿಗೆ ಬರೆದ ಸ್ವರಲಿಪಿಯಲ್ಲಿ ಗೆರೆಗಳೇ ಇರಲಿಲ್ಲ. ಸ್ವಿಟ್ಜರ್‌ಲೆಂಡಿನ ಸಾಂಕ್ಟ್ ಗಾಲನ್ ಮಠದ ಗ್ರಂಥಾಲಯದಲ್ಲಿ ಕಾಂಟಟೋರಿಯಂ ಎಂಬ ಹಸ್ತಪ್ರತಿ ಇದೆ. ಅಲ್ಲಿನ ಕ್ರಮಸಂಖ್ಯೆ 359. 920ರ ದಶಕದ್ದು. ಲ್ಯಾಟಿನ್ ಮಾತುಗಳ ಮೇಲೆ ಎಳೆಎಳೆಯಾದ ಗೀಟುಗಳು, ಕೊಕ್ಕೆಗಳು, ಚುಕ್ಕೆಗಳು. ದನಿ ಏರುತ್ತದೆಯೋ ಇಳಿಯುತ್ತದೆಯೋ, ಎಲ್ಲಿ ಹಗುರ, ಎಲ್ಲಿ ತಡೆ, ಇಷ್ಟನ್ನು ಅವು ಹೇಳುತ್ತವೆ. ಎಷ್ಟು ಏರಬೇಕು ಅನ್ನುವುದನ್ನು ಹೇಳುವುದಿಲ್ಲ. ಹಾಡು ಮೊದಲೇ ಬಾಯಿಗೆ ಬರುತ್ತಿದ್ದವರಿಗೆ ನೆನಪಿಗೆಂದು ಬರೆದದ್ದು ಅದು. ಪಾಠಾಂತರದಲ್ಲಿ ಸಂಗೀತ ಕಲಿತವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ.

11ನೇ ಶತಮಾನದ ಮೊದಲ ಭಾಗದಲ್ಲಿ ಇಟಲಿಯ ಅರೆಝೊ ಊರಿನ ಗುಯಿದೊ ಎಂಬ ಸಂನ್ಯಾಸಿ ಗೆರೆಗಳ ಮೇಲೆ ಬರೆಯುವ ಪದ್ಧತಿಯನ್ನು ನೆಲೆಗೊಳಿಸಿದ. ನಮ್ಮ ಸರಿಗಮದಂಥ ಅವರ ದೋ, ರೇ, ಮಿ, ಫಾ, ಸೋಲ್‌ಗಳಲ್ಲಿ ಫಾ ಸ್ವರದ ಗೆರೆಗೆ ಕೆಂಪು, ದೋ ಸ್ವರದ ಗೆರೆಗೆ ಹಳದಿ. ಹುಡುಗರು ಕೇಳಿರದ ಹಾಡನ್ನೂ ನೋಡಿಕೊಂಡು ಹಾಡಲಿ ಅನ್ನುವುದು ಅವನ ಆಸೆ. ಮುಂದೆ ಈ ಗಾನಕ್ಕೆ ನಾಲ್ಕು ಗೆರೆ ಗಟ್ಟಿಯಾಯಿತು. ಪಾಶ್ಚಾತ್ಯ ಸಂಗೀತ ಐದು ಗೆರೆಗೆ ಹೋದರೂ ಇದು ನಾಲ್ಕರಲ್ಲೇ ಉಳಿಯಿತು. ಗೆರೆಯ ಶುರುವಿನಲ್ಲಿ ಒಂದು ಕ್ಲೆಫ್ ಇರುತ್ತದೆ. ದೋ ಎಲ್ಲಿದೆ, ಇಲ್ಲವೇ ಫಾ ಎಲ್ಲಿದೆ ಅಂತ ಅದು ತೋರಿಸುತ್ತದೆ. ಆ ದೋ ಯಾವ ಶ್ರುತಿ ಅನ್ನುವುದು ಹಾಡುವವರಿಗೆ ಬಿಟ್ಟದ್ದು. ಗಂಟಲಿಗೆ ಒಗ್ಗುವ ಕಡೆ ಷಡ್ಜ ಇಟ್ಟುಕೊಳ್ಳುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಗೆರೆ ಬಂದ ಮೇಲೂ ಎಳೆಯಂಥ ಆ ಹಳೆಯ ಕೊಕ್ಕೆಗಳು ಕಾಣೆಯಾಗಲಿಲ್ಲ. ಲೇಖನಿಯ ಮೂತಿ ಅಗಲವಾಯಿತು, ಕೊಕ್ಕೆಗಳು ದಪ್ಪಗಾದವು, 12ನೇ, 13ನೇ ಶತಮಾನದ ಹೊತ್ತಿಗೆ ಚೌಕದ ರೂಪಕ್ಕೆ ಬಂದವು. ದೊಡ್ಡ ಪುಸ್ತಕವೊಂದನ್ನು ಎತ್ತರದ ಪೀಠದ ಮೇಲಿಟ್ಟು ಇಡೀ ಗುಂಪು ದೂರದಿಂದ ನೋಡಿ ಹಾಡಬೇಕಿತ್ತು. ಅದಕ್ಕೆ ಈ ದಪ್ಪ ಚೆನ್ನಾಗಿ ಒದಗಿತು.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಲಿಪಿಯ ಅಕ್ಷರ ಯಾವುದು? ಒಂದೊಂದು ಸ್ವರವನ್ನೂ ಒಂದೊಂದು ಅಕ್ಷರ ಅಂದುಕೊಂಡು ಫಾಂಟ್ ಮಾಡಲು ಹೊರಟರೆ ದಾರಿ ತಪ್ಪುತ್ತದೆ. ಇಲ್ಲಿ ಗುಂಪೇ ಅಕ್ಷರ. ಒಂದೇ ಉಸಿರಿನ ಚಲನೆಯಲ್ಲಿ ಬರುವ ಎರಡು, ಮೂರು, ನಾಲ್ಕು ಸ್ವರಗಳನ್ನು ಲೇಖನಿ ಒಟ್ಟಿಗೆ ಕಟ್ಟಿ ಬರೆಯುತ್ತದೆ. ಆ ಕಟ್ಟಿಗೆ ನ್ಯೂಮ್ ಅನ್ನುತ್ತಾರೆ. ಕಟ್ಟು ಒಡೆದರೆ ಹಾಡೂ ಒಡೆಯುತ್ತದೆ.

ಕೆಳಗಿನಿಂದ ಮೇಲಕ್ಕೆ ಹೋಗುವ ಎರಡು ಸ್ವರದ ಗುಂಪು ಪೊಡಾಟಸ್. ಒಂದು ಚೌಕದ ನೆತ್ತಿಯ ಮೇಲೆ ಇನ್ನೊಂದು ಚೌಕ, ಬಲಗಡೆ ಅವೆರಡನ್ನೂ ಸೇರಿಸುವ ಸಣ್ಣ ಗೀಟು. ಪಿಯಾನೊ ಕಲಿತವರು ಇದನ್ನು ಮೊದಲ ಸಲ ನೋಡಿದಾಗ ಎರಡು ಸ್ವರವನ್ನೂ ಒಟ್ಟಿಗೆ ಹಿಡಿಯಬೇಕು ಅಂದುಕೊಳ್ಳುತ್ತಾರೆ. ಕೆಳಗಿನದು ಮೊದಲು, ಮೇಲಿನದು ಆಮೇಲೆ. ಮೇಲಿನಿಂದ ಕೆಳಕ್ಕೆ ಬಂದರೆ ಕ್ಲಿವಿಸ್. ಏರಿ ಇಳಿದರೆ ಟೊರ್ಕ್ಯುಲಸ್. ಇಳಿದು ಏರಿದರೆ ಪೊರೆಕ್ಟಸ್. ಮೇಲಿಂದ ಜಾರಿಕೊಂಡು ಬರುವ ಮೂರೋ ನಾಲ್ಕೋ ಸ್ವರಗಳಿಗೆ ಕ್ಲೈಮಕಸ್. ಅದರಲ್ಲಿ ಮೊದಲನೆಯದಕ್ಕೆ ಬಾಲ, ಉಳಿದವು ಓರೆಯಾದ ವಜ್ರದಾಕಾರಗಳು.

ನಾವು ಒತ್ತಕ್ಷರದವರು. ಸ, ತ, ರ ಮೂರೂ ಬೇರೆ ಬೇರೆ ಅಂತ ಗೊತ್ತಿದ್ದರೂ ‘ಸ್ತ್ರೀ’ ಎಂದು ಬರೆಯುವಾಗ ಕೈ ಒಂದೇ ಆಕಾರ ಬರೆಯುತ್ತದೆ. ಕಣ್ಣು ಅದನ್ನು ಒಂದೇ ಸಲಕ್ಕೆ ಓದುತ್ತದೆ. ಕನ್ನಡ ಫಾಂಟಿನಲ್ಲಿ ಜಾಸ್ತಿ ಶ್ರಮ ಬೀಳುವುದೂ ಅಲ್ಲೇ. ಬಿಡಿ ಅಕ್ಷರಗಳು ಬೇಗ ಮುಗಿಯುತ್ತವೆ. ಒತ್ತು ಎಲ್ಲಿ ಕೂರಬೇಕು, ಕೊಂಬು ಎಲ್ಲಿ ತಾಗಬಾರದು, ತಲೆಕಟ್ಟು ಎಲ್ಲಿ ಸರಿಯಬೇಕು ಅನ್ನುವುದು ಮುಗಿಯುವುದೇ ಇಲ್ಲ. ಹಾಗಾಗಿ ನ್ಯೂಮ್‌ಗಳ ಎದುರು ಕೂತಾಗ ನನಗೆ ಪರಕೀಯ ಅನ್ನಿಸಲಿಲ್ಲ. ಇಂಗ್ಲಿಷ್ ಅಕ್ಷರ ಮಾತ್ರ ಬಿಡಿಸಿದವರಿಗಿಂತ ನಮಗೆ ಇದು ಹತ್ತಿರ ಅಂತ ನನ್ನ ನಂಬಿಕೆ.

ಪೊರೆಕ್ಟಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಲಿಪಿಯಲ್ಲಿ ನನಗೆ ಅತಿ ಇಷ್ಟವಾದ ಆಕಾರ ಅದು. ಅತಿ ಕಷ್ಟದ್ದೂ ಹೌದು.

ಮೇಲೆ, ಕೆಳಗೆ, ಮತ್ತೆ ಮೇಲೆ. ಮೂರು ಸ್ವರ. ಮೊದಲ ಎರಡಕ್ಕೆ ಚೌಕವಿಲ್ಲ. ಅವೆರಡರ ಬದಲು ಒಂದೇ ದಪ್ಪ ಓರೆಗೆರೆ, ಎಡ ಮೇಲಿನಿಂದ ಬಲ ಕೆಳಕ್ಕೆ. ಗೆರೆಯ ಶುರು ಒಂದು ಸ್ವರ, ಗೆರೆಯ ಕೊನೆ ಇನ್ನೊಂದು ಸ್ವರ. ನಡುವೆ ಎಷ್ಟು ದಾರಿ ದಾಟಿದರೂ ಅಲ್ಲಿ ಏನೂ ಹಾಡುವುದಿಲ್ಲ, ಜಾರುವುದೂ ಇಲ್ಲ. ಗೆರೆ ಮುಗಿದ ಕಡೆಯಿಂದ ಸಣ್ಣ ಗೀಟು ಮೇಲೆದ್ದು ಮೂರನೆಯ ಸ್ವರದ ಚೌಕವನ್ನು ಹಿಡಿದುಕೊಳ್ಳುತ್ತದೆ. ಶುರುವಿನಲ್ಲಿ ಎಡಗಡೆ ಒಂದು ಬಾಲ ಕೆಳಗೆ ಇಳಿಬಿದ್ದಿರುತ್ತದೆ.

ಆ ಓರೆಗೆರೆಯ ದಪ್ಪ ಎಷ್ಟಿರಬೇಕು? ಅದಕ್ಕೆ ಲೇಖನಿಯನ್ನೇ ಕೇಳಬೇಕು. ಚೌಕ ಸ್ವರಲಿಪಿಯಲ್ಲಿ ಅಡ್ಡಕ್ಕೆ ಎಳೆದದ್ದು ದಪ್ಪ, ಉದ್ದಕ್ಕೆ ಎಳೆದದ್ದು ತೆಳು. ಅಂದರೆ ನಿಬ್ಬಿನ ಅಂಚು ನೆಟ್ಟಗೆ ನಿಂತಿದೆ. ಅಂಥ ನಿಬ್ಬಿನಲ್ಲಿ ಓರೆಯಾಗಿ ಎಳೆದರೆ, ಗೆರೆಯನ್ನು ಮೇಲಿಂದ ಕೆಳಕ್ಕೆ ಅಳೆದಾಗ ಎಲ್ಲ ಕಡೆಯೂ ಒಂದೇ ಅಳತೆ ಬರುತ್ತದೆ. ಆದರೆ ಕಣ್ಣು ಹಾಗೆ ಅಳೆಯುವುದಿಲ್ಲ. ಗೆರೆಗೆ ಅಡ್ಡಲಾಗಿ ಅಳೆಯುತ್ತದೆ. ಇಳಿಜಾರು ಕಡಿದಾದಷ್ಟೂ ಗೆರೆ ಸೊರಗಿದ ಹಾಗೆ ಕಾಣುತ್ತದೆ. ಒಂದೇ ಸ್ವರ ಇಳಿಯುವ ಪೊರೆಕ್ಟಸ್ ಕೊಬ್ಬಿದಂತೆ, ಐದು ಸ್ಥಾನ ಇಳಿಯುವುದು ಬಡಕಲಾಗಿ ಕಂಡರೆ ಒಂದೇ ಕೈಬರಹ ಅನ್ನಿಸುವುದಿಲ್ಲ. ಹಾಗಂತ ಎಲ್ಲದಕ್ಕೂ ಒಂದೇ ಇಳಿಜಾರು ಇಟ್ಟರೆ ದೊಡ್ಡ ಜಿಗಿತದ ಪೊರೆಕ್ಟಸ್ ಅರ್ಧ ಸಾಲು ತಿಂದುಹಾಕುತ್ತದೆ. ಕೆಳಗಿನ ಮಾತು ದೂರ ದೂರ ಸರಿಯುತ್ತದೆ. ಹೀಗಾಗಿ ಪ್ರತಿ ಅಂತರಕ್ಕೂ ಬೇರೆ ಉದ್ದ, ಬೇರೆ ಇಳಿಜಾರು, ಕಣ್ಣಿಗೆ ಸರಿಕಾಣುವಷ್ಟು ಬೇರೆ ದಪ್ಪ. ಜೊತೆಗೆ ಗೆರೆ ಪೂರ್ತಿ ನೇರವಿದ್ದರೆ ಸತ್ತುಹೋದಂತೆ ಇರುತ್ತದೆ. ಶುರುವಿನಲ್ಲಿ ಒಂದು ಚೂರು ತುಂಬಿಕೊಂಡು, ನಡುವೆ ಒಳಕ್ಕೆ ಬಾಗಿ, ಕೊನೆಗೆ ಸ್ವರದ ಮೇಲೆ ಬಂದು ನಿಲ್ಲಬೇಕು. ಇದಕ್ಕೆ ಸೂತ್ರ ಇಲ್ಲ. ನಾನು ಮೊದಲು ಹಾಳೆಯ ಮೇಲೆ ಅಗಲ ನಿಬ್ಬಿನಲ್ಲಿ ಎಳೆಯುತ್ತೇನೆ, ಕೈಗೆ ಸಿಕ್ಕ ಮೇಲೆ ಪರದೆಗೆ ಬರುತ್ತೇನೆ.

ವಜ್ರದಾಕಾರದ ಕಥೆಯೂ ಲೇಖನಿಯದ್ದೇ. ಇಳಿಯುವ ಸ್ವರಗಳನ್ನು ಬೇಗ ಬರೆಯುವಾಗ ಓರೆಯಾಗಿ ಬಿದ್ದ ನಿಬ್ಬಿನ ಗುರುತು ಅದು. ಕಾಲದ ಅಳತೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಹಾಗೆ ಸಂಬಂಧ ಹಚ್ಚಿದವರೂ ಇದ್ದರು. 1582ರಲ್ಲಿ ರೋಮ್‌ನಲ್ಲಿ ಅಚ್ಚಾದ ಜೊವಾನ್ನಿ ಗುಯಿದೆತ್ತಿಯ ಡೈರೆಕ್ಟೋರಿಯಂ ಕೋರಿ ಎಂಬ ಪುಸ್ತಕದಲ್ಲಿ ಸ್ವರದ ಆಕಾರಕ್ಕೆ ತಕ್ಕಂತೆ ಉದ್ದ ಗಿಡ್ಡ ಕಾಲ ಕೊಟ್ಟರು. ವಜ್ರ ಬಂದರೆ ಗಿಡ್ಡ. 1614-15ರ ಮೆಡಿಚಿ ಗ್ರಾಜುವಲ್ ಇನ್ನೂ ಮುಂದೆ ಹೋಯಿತು. ಗ್ರಾಜುವಲ್ ಅಂದರೆ ಪೂಜೆಯ ಹಾಡುಗಳ ಪುಸ್ತಕ. ಒಂದೇ ಅಕ್ಷರದ ಮೇಲೆ ಹರಡಿಕೊಂಡಿದ್ದ ಉದ್ದನೆಯ ಸ್ವರಮಾಲೆಗಳನ್ನು ಕತ್ತರಿಸಿಹಾಕಿತು. 19ನೇ ಶತಮಾನದಲ್ಲಿ ಜರ್ಮನಿಯ ರೇಗನ್ಸ್‌ಬುರ್ಗಿನ ಪುಸ್ಟೆಟ್ ಅಚ್ಚುಕೂಟ ಅದೇ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು ಪುಸ್ತಕ ಹೊರತಂದಿತು. ರೋಮ್ ಅದಕ್ಕೆ 30 ವರ್ಷಗಳ ಸ್ವಾಮ್ಯ ಕೊಟ್ಟಿತ್ತು.

ಕಟ್ಟು ಸಡಿಲವಾದದ್ದು ಕಾಗದದ ಮೇಲೆ ಮಾತ್ರ ಅಲ್ಲ. ಒಂದೊಂದು ಸ್ವರವನ್ನೂ ಗುದ್ದಿ ಗುದ್ದಿ ಹಾಡುವ ಅಭ್ಯಾಸವೂ ಬೆಳೆಯಿತು. ಕಣ್ಣಿಗೆ ಬಿಡಿಬಿಡಿಯಾಗಿ ಕಂಡದ್ದನ್ನು ಗಂಟಲೂ ಬಿಡಿಬಿಡಿಯಾಗೇ ಹಾಡುತ್ತದೆ, ಅಲ್ವಾ?

ಇದನ್ನು ಸರಿಮಾಡಲು ಕೂತವರು ಫ್ರಾನ್ಸಿನ ಸೊಲೆಮ್ ಮಠದ ಬೆನೆಡಿಕ್ಟೀನ್ ಸಂನ್ಯಾಸಿಗಳು. ಫ್ರೆಂಚ್ ಕ್ರಾಂತಿಯಲ್ಲಿ ಮುಚ್ಚಿದ್ದ ಆ ಮಠವನ್ನು 1833ರಲ್ಲಿ ಪ್ರೊಸ್ಪೆರ್ ಗೆರಾಂಜೆ ಮತ್ತೆ ತೆರೆದರು. ಅಲ್ಲಿನ ಡೋಮ್ ಜೋಸೆಫ್ ಪೊಥಿಯೆ ಹಳೆಯ ಹಸ್ತಪ್ರತಿಗಳನ್ನು ಹುಡುಕಿ, ನಕಲು ಮಾಡಿ, ಹೋಲಿಸಿ ನೋಡಿದರು. 1883ರಲ್ಲಿ ಲಿಬರ್ ಗ್ರಾಜುವಾಲಿಸ್ ಹೊರಬಂತು. ಅಚ್ಚಾದದ್ದು ಬೆಲ್ಜಿಯಮ್ಮಿನ ಟುರ್ನೆಯ ದೆಕ್ಲೆ ಅಚ್ಚುಕೂಟದಲ್ಲಿ. ಹಸ್ತಪ್ರತಿಗಳಲ್ಲಿ ಕಂಡ ನ್ಯೂಮ್‌ಗಳನ್ನು ಅನುಸರಿಸಿ ಹೊಸ ಅಚ್ಚುಮೊಳೆಗಳನ್ನೇ ಕೊರೆಸಿದ್ದರು. ಗುಂಪು ಗುಂಪಾಗಿಯೇ ಉಳಿಯಬೇಕು, ಗುಂಪಿನ ನಡುವಿನ ಜಾಗವೂ ಅರ್ಥ ಕೊಡಬೇಕು ಅನ್ನುವುದು ಅದರ ಹಿಂದಿನ ಯೋಚನೆ. ಸಂಗೀತದ ಸಂಶೋಧಕರೊಬ್ಬರು ತಮ್ಮ ವಾದವನ್ನು ಸೀಸದ ಮೊಳೆಯಲ್ಲಿ ಮಂಡಿಸಿದ್ದರು ಅಂತಲೇ ನಾನು ಅದನ್ನು ನೋಡುತ್ತೇನೆ. ಆ ಮೊಳೆಗಳಿಲ್ಲದೆ ಅವರ ಬರಹಗಳಷ್ಟೇ ಇದ್ದಿದ್ದರೆ ಹಾಡುವವರ ನಾಲಿಗೆಗೆ ಅದು ತಲುಪುತ್ತಿರಲಿಲ್ಲ.

ಮುಂದಿನದು ಬೇಗ ಹೇಳಿಬಿಡಬಹುದು. 1889ರಿಂದ ಡೋಮ್ ಆಂದ್ರೆ ಮೊಕೆರೊ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಪಾಲಿಯೊಗ್ರಾಫಿ ಮ್ಯೂಸಿಕಾಲ್ ಮಾಲೆಯಲ್ಲಿ ಪ್ರಕಟಿಸತೊಡಗಿದರು. 1903ರಲ್ಲಿ ಹತ್ತನೆಯ ಪಯಸ್ ಪೋಪ್ ಗ್ರೆಗೋರಿಯನ್ ಗಾನವನ್ನು ಅದರ ಹಳೆಯ ರೂಪಕ್ಕೆ ತರಬೇಕೆಂದು ಆದೇಶ ಹೊರಡಿಸಿದರು. 1908ರಲ್ಲಿ ವ್ಯಾಟಿಕನ್ನಿನ ಗ್ರಾಜುವಾಲೆ ರೋಮಾನುಮ್ ಬಂತು. ನಾವು ಇವತ್ತು ಗ್ರೆಗೋರಿಯನ್ ಸ್ವರಲಿಪಿ ಅಂತ ಕಣ್ಮುಂದೆ ತಂದುಕೊಳ್ಳುವ ಆಕಾರ ಟುರ್ನೆಯ ಆ ಮೊಳೆಗಳದ್ದೇ.

ಈಗ ಕಂಪ್ಯೂಟರಿಗೆ ಬರೋಣ. ಕನ್ನಡಕ್ಕೆ ಯೂನಿಕೋಡ್ ಇದ್ದ ಹಾಗೆ ಇದಕ್ಕೂ ಇದೆ. 2001ರ 3.1ನೇ ಆವೃತ್ತಿಯಲ್ಲಿ ಗ್ರೆಗೋರಿಯನ್ ಲಿಪಿಗೆ 14 ಸಂಕೇತಗಳು ಸೇರಿದವು. ಎರಡು ಕ್ಲೆಫ್, ವಿರ್ಗ ಎಂಬ ಬಾಲವಿರುವ ಒಂಟಿ ಸ್ವರ, ಪೊಡಾಟಸ್, ಕ್ಲಿವಿಸ್ ಹೀಗೆ. ಆದರೆ ಅಲ್ಲಿರುವ ಪೊಡಾಟಸ್ ಬರೀ ‘ಪೊಡಾಟಸ್’. ಯಾವ ಸ್ವರದಿಂದ ಯಾವ ಸ್ವರಕ್ಕೆ ಅನ್ನುವುದಕ್ಕೆ ಜಾಗವೇ ಇಲ್ಲ. ಪುಸ್ತಕದ ಸಾಲಿನ ನಡುವೆ ಒಂದು ಚಿಹ್ನೆ ತೋರಿಸಲು ಅಷ್ಟು ಸಾಕು. ಹಾಡು ಬರೆಯಲು ಸಾಲದು. ಕನ್ನಡದಲ್ಲಿ ಸ, ವಿರಾಮ, ತ ಅಂತ ಒತ್ತಿದರೆ ಫಾಂಟೇ ಒತ್ತಕ್ಷರ ಕಟ್ಟಿಕೊಡುತ್ತದೆ. ಇಲ್ಲಿ ಆಕಾರ ಸ್ವರಸ್ಥಾನದ ಮೇಲೆ ನಿಂತಿರುವುದರಿಂದ ಆ ದಾರಿ ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ಫಾಂಟಿನ ಜೊತೆಗೆ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಬೇಕು.

ಆ ಕೆಲಸವನ್ನು ಚೆನ್ನಾಗಿ ಮಾಡಿದ್ದು ಗ್ರೆಗೋರಿಯೊ. 2006ರಲ್ಲಿ ಫ್ರಾನ್ಸಿನ ಟೆಲಿಕಾಂ ಬ್ರೆತಾಞ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲಿ ರೂ ಶುರುಮಾಡಿದ ಮುಕ್ತ ತಂತ್ರಾಂಶ ಅದು. ಇವತ್ತು ಪುಟ ಕಟ್ಟುವ ಟೆಕ್ ಲೈವ್ ಎಂಬ ತಂತ್ರಾಂಶ ಹಾಕಿಕೊಂಡರೆ ಜೊತೆಗೇ ಬರುತ್ತದೆ. ಅದರಲ್ಲಿ ಬರೆಯುವ ಕ್ರಮಕ್ಕೆ ಜಿಎಬಿಸಿ ಅನ್ನುತ್ತಾರೆ. ಲ್ಯಾಟಿನ್ ಮಾತಿನ ತುಂಡು, ಅದರ ಪಕ್ಕ ಆವರಣದಲ್ಲಿ ಸ್ವರದ ಅಕ್ಷರಗಳು, ಅಷ್ಟೇ. ನಾಲ್ಕು ಗೆರೆಯಲ್ಲಿ ಕೆಳಗಿನ ಗೆರೆಗೆ ಡಿ, ಆಮೇಲೆ ಎಫ್, ಎಚ್, ಜೆ. ನಡುವಿನ ಜಾಗಗಳಿಗೆ ಇ, ಜಿ, ಐ. ಜಿ ಎಚ್ ಅಂತ ಬರೆದರೆ ಪೊಡಾಟಸ್ ಬರುತ್ತದೆ. ಎಚ್ ಜಿ ಬರೆದರೆ ಕ್ಲಿವಿಸ್. ಎಚ್ ಜಿ ಎಚ್ ಬರೆದರೆ ಪೊರೆಕ್ಟಸ್. ಬರೆಯುವವರು ಸ್ವರ ಹೇಳಿದರೆ ಸಾಕು, ಕಟ್ಟುವುದನ್ನು ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಕಟ್ಟು ಬೇಡ ಅಂದರೆ ಬೇಡ ಅಂತ ಹೇಳುವ ಗುರುತೂ ಇದೆ. ಇಡೀ ಲಿಪಿಯ ಸ್ವಭಾವ ಅರ್ಥವಾದವರು ಮಾಡಿದ ಏರ್ಪಾಡು ಅದು.

ಅದರ ಜೊತೆ ಬರುವ ಮುಖ್ಯ ಫಾಂಟಿನ ಹೆಸರು ಗ್ರೆಸಿಲಿಯೆ. ಸೆಸಿಲಿಯೆ ಎಂಬ ಇನ್ನೊಂದು ಫಾಂಟಿನಿಂದ ಬೆಳೆದದ್ದು. ಫಾಂಟ್ ಮಾಡುವವರು ಅದರ ಒಳಗನ್ನು ಒಮ್ಮೆ ತೆರೆದು ನೋಡಬೇಕು. ಕೈಯಲ್ಲಿ ಬಿಡಿಸಿದ ಮೂಲ ತುಣುಕುಗಳು ಮಿತವಾಗಿವೆ. ಅವುಗಳನ್ನು ಸ್ಕ್ರಿಪ್ಟ್ ಎಂಬ ಸಣ್ಣ ಪ್ರೋಗ್ರಾಂ ಬೇರೆ ಬೇರೆ ಅಂತರಗಳಿಗೆ ಜೋಡಿಸಿ ಸಾವಿರಾರು ಗ್ಲಿಫ್, ಅಂದರೆ ಫಾಂಟಿನ ಬಿಡಿ ಆಕಾರಗಳನ್ನು, ಮಾಡುತ್ತದೆ. ಯಾಕೆ ಅಷ್ಟೊಂದು? ಲೆಕ್ಕ ಹಾಕಿ. ಒಂದು ಸ್ವರದಿಂದ ಮುಂದಿನದಕ್ಕೆ ಒಂದರಿಂದ ಐದು ಸ್ಥಾನದವರೆಗೆ ಜಿಗಿಯಬಹುದು ಅಂತ ಇಟ್ಟುಕೊಳ್ಳಿ. ಪೊಡಾಟಸ್ 5 ಬಗೆ. ಟೊರ್ಕ್ಯುಲಸ್‌ನಲ್ಲಿ ಎರಡು ಜಿಗಿತ, ಹಾಗಾಗಿ 25. ಅದಕ್ಕೆ ಇನ್ನೊಂದು ಸ್ವರ ಸೇರಿದರೆ 125. ಇವೆಲ್ಲಕ್ಕೂ ಕೊನೆಯ ಸ್ವರ ಕಿರಿದಾಗುವ ರೂಪಗಳು, ಶುರುವಿನ ಸ್ವರ ಬದಲಾಗುವ ರೂಪಗಳು ಬೇರೆ. ನಮ್ಮ ಗುಣಿತ, ಒತ್ತುಗಳ ಲೆಕ್ಕ ಇದರ ಮುಂದೆ ಚಿಕ್ಕದು.

ಇನ್ನೊಂದು ದಾರಿಯೂ ಇದೆ. 2013ರಲ್ಲಿ ಸ್ಟೈನ್‌ಬರ್ಗ್ ಕಂಪನಿ ಸಂಗೀತದ ಫಾಂಟುಗಳಿಗೆಲ್ಲ ಸ್ಮುಫ್ಲ್ ಎಂಬ ಸಾಮಾನ್ಯ ವ್ಯವಸ್ಥೆಯೊಂದನ್ನು ಹೊರತಂದಿತು. ಅದರಲ್ಲಿ ಈ ಗಾನಕ್ಕೂ ಜಾಗ ಇದೆ. ಅಲ್ಲಿ ನ್ಯೂಮನ್ನು ತುಣುಕುಗಳಿಂದ ಕಟ್ಟುತ್ತಾರೆ. ಪೊಡಾಟಸ್‌ನ ಕೆಳ ಚೌಕ ಒಂದು, ಮೇಲಿನದು ಒಂದು, ಸೇರಿಸುವ ಗೀಟು ಅಂತರಕ್ಕೆ ತಕ್ಕಂತೆ ಒಂದೊಂದು. ಯಾವ ತಂತ್ರಾಂಶವಾದರೂ ಬಳಸಬಹುದು ಅನ್ನುವುದು ದೊಡ್ಡ ಅನುಕೂಲ. ಆದರೂ ನನ್ನ ಮನಸ್ಸು ಇಡೀ ಗುಂಪನ್ನು ಒಂದೇ ಗ್ಲಿಫ್ ಮಾಡುವ ಕಡೆಗೇ ವಾಲುತ್ತದೆ. ಎರಡು ತುಣುಕು ಸೇರುವ ಕಡೆ ಕಡಿಮೆ ರೆಸಲ್ಯೂಷನ್ನಿನ ಪರದೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಾಣಬಹುದು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಗುಂಪನ್ನು ಒಟ್ಟಾಗಿ ಬಿಡಿಸುವಾಗ ಮಾತ್ರ ಅದರ ಸಮತೋಲ ಕಣ್ಣಿಗೆ ಬೀಳುತ್ತದೆ. ಸ್ಕ್ರಿಪ್ಟ್ ಜೋಡಿಸಿಕೊಟ್ಟ 125ರಲ್ಲಿ ಕೆಲವು ಖಂಡಿತ ಸೊಟ್ಟಗಿರುತ್ತವೆ. ಅವನ್ನು ಹುಡುಕಿ ಕೈಯಲ್ಲಿ ತಿದ್ದಬೇಕು. ನನ್ನ ಸಂಜೆಗಳು ಹೋಗುವುದು ಅಲ್ಲಿಗೇ.

ಕ್ರಿಸ್‌ಮಸ್ ದಿನದ ಹಗಲಿನ ಪೂಜೆ ಶುರುವಾಗುವ ಹಾಡು ‘ಪುಯೆರ್ ನಾತುಸ್ ಎಸ್ತ್ ನೋಬಿಸ್’. ನಮಗಾಗಿ ಮಗು ಹುಟ್ಟಿದೆ ಎಂದು ಅರ್ಥ. ಅದರ ಮೊದಲ ಅಕ್ಷರ ‘ಪು’ ಮೇಲೆ ಒಂದು ಪೊಡಾಟಸ್ ಇದೆ. ಸೋಲ್‌ನಿಂದ ರೇಗೆ ಜಿಗಿತ. ನಮ್ಮ ಮಾತಿನಲ್ಲಿ ಷಡ್ಜದಿಂದ ಪಂಚಮಕ್ಕೆ. ಹಾಡು ಬಾಯಿ ತೆರೆಯುವುದೇ ಆ ಜಿಗಿತದಿಂದ. ಕಾಗದದ ಮೇಲೆ ಎರಡು ಚೌಕಗಳ ನಡುವೆ ಎತ್ತರದ ಗೀಟು ನಿಂತಿರುತ್ತದೆ. ಆ ಗೀಟು ತೀರ ತೆಳುವಾದರೆ ಎರಡು ಸ್ವರ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ. ದಪ್ಪವಾದರೆ ನಡುವೆಯೂ ಏನೋ ಹಾಡಬೇಕು ಅನ್ನಿಸುತ್ತದೆ. ಅದರ ಪಕ್ಕದಲ್ಲೇ ನಾಲ್ಕು ಗೆರೆಗಳೂ ಹಾದುಹೋಗುತ್ತವಲ್ಲ, ಗೀಟು ಗೆರೆಗಿಂತ ಎದ್ದು ಕಾಣಲೇಬೇಕು. ಗೆರೆ, ಗೀಟು, ಚೌಕ, ಈ ಮೂರರ ದಪ್ಪದ ನಂಟನ್ನು ಮೊದಲೇ ಹೊಂದಿಸಿಕೊಳ್ಳದೆ ಮುಂದಕ್ಕೆ ಹೋಗುವ ಹಾಗೇ ಇಲ್ಲ.

ಗೆರೆಯ ಜೊತೆ ಇನ್ನೂ ತಕರಾರುಗಳಿವೆ. ಚೌಕದ ಎತ್ತರ ಎರಡು ಗೆರೆಗಳ ನಡುವಿನ ಜಾಗಕ್ಕೆ ಸರಿಯಾಗಿ ಸಮ ಇದ್ದರೆ ಸ್ವರ ಗೆರೆಗಳ ಜೊತೆ ಕಲಸಿಹೋಗುತ್ತದೆ. ಕೊಂಚ ಕಡಿಮೆ ಇರಬೇಕು, ಸುತ್ತ ಒಂದಿಷ್ಟು ಬೆಳಕು ಕಾಣಬೇಕು. ಬಾಲದ ಉದ್ದವೂ ಹಾಗೇ. ಸ್ವರ ಗೆರೆಯ ಮೇಲೆ ಕೂತಾಗ ಚೆನ್ನಾಗಿರುವ ಬಾಲ, ಸ್ವರ ಜಾಗದಲ್ಲಿ ಕೂತಾಗ ತುದಿ ನೇರ ಕೆಳಗಿನ ಗೆರೆಗೆ ಹೋಗಿ ಬಡಿಯುತ್ತದೆ. ಅದಕ್ಕೆ ಉದ್ದ ಬಾಲ, ಗಿಡ್ಡ ಬಾಲ ಅಂತ ಎರಡು ರೂಪ ಇಟ್ಟುಕೊಳ್ಳಬೇಕು. ಓದುವವರಿಗೆ ಇದು ಗೊತ್ತೇ ಆಗುವುದಿಲ್ಲ. ಪುಟ ನಿರಾಳವಾಗಿದೆ ಅನ್ನಿಸುತ್ತದೆ, ಅಷ್ಟೇ.

ಕೆಳಗಿನ ಮಾತನ್ನು ಕೂರಿಸುವುದಕ್ಕೂ ಒಂದು ಕ್ರಮ ಇದೆ. ಲ್ಯಾಟಿನ್ ಮಾತಿನ ಒಂದೊಂದು ತುಂಡಿನಲ್ಲೂ ಅ, ಇ, ಉ ಥರದ ಒಂದು ಸ್ವರಾಕ್ಷರ ಇರುತ್ತದಲ್ಲ, ಅದರ ನೇರಕ್ಕೆ ನ್ಯೂಮಿನ ಮೊದಲ ಸ್ವರ ಬರಬೇಕು. ದನಿ ಹೊರಡುವುದು ಅಲ್ಲಿಂದಲೇ. ಸಾಲಿನ ಕೊನೆಯಲ್ಲಿ ಕುಸ್ತೋಸ್ ಎಂಬ ಪುಟ್ಟ ಗುರುತು ಇರುತ್ತದೆ. ಮುಂದಿನ ಸಾಲು ಯಾವ ಸ್ವರದಿಂದ ಶುರು ಅಂತ ಮೊದಲೇ ಹೇಳಿಬಿಡುತ್ತದೆ. ಹಾಡುವವರ ಕಣ್ಣು ಸಾಲು ದಾಟುವ ಆ ಗಳಿಗೆಯನ್ನು ಎಂಟುನೂರು, ಒಂಬೈನೂರು ವರ್ಷದ ಹಿಂದೆಯೇ ಯೋಚಿಸಿದ್ದರು. ಐದು ಗೆರೆಯ ಸ್ವರಲಿಪಿ ಇದನ್ನು ಕೈಬಿಟ್ಟದ್ದು ನಷ್ಟ ಅಂತಲೇ ನನಗೆ ಅನ್ನಿಸುತ್ತದೆ.

ಕಿರಿಸ್ವರಗಳ ವಿಷಯ ನಾಜೂಕಿನದು. ಮಾತು ಎಲ್, ಎಂ, ಎನ್, ಆರ್ ಥರದ ವ್ಯಂಜನದಲ್ಲಿ ಮುಗಿದು ಇನ್ನೊಂದು ವ್ಯಂಜನಕ್ಕೆ ಹೋಗುವಾಗ ಗುಂಪಿನ ಕೊನೆಯ ಸ್ವರವನ್ನು ಸಣ್ಣದಾಗಿ ಬರೆಯುತ್ತಾರೆ. ಆ ವ್ಯಂಜನವನ್ನು ಉಚ್ಚರಿಸುತ್ತಾ ಆ ಸ್ವರವನ್ನು ಹಾಡಬೇಕು ಅಂತ ಸೂಚನೆ. ಉಚ್ಚಾರಣೆಯನ್ನು ಆಕಾರದಲ್ಲಿ ಹಿಡಿದಿಟ್ಟ ಜಾಣತನ ಇದು. ಫಾಂಟಿನಲ್ಲಿ ದೊಡ್ಡ ಚೌಕವನ್ನೇ ಕುಗ್ಗಿಸಿ ಇಡುವುದು ಸಲ್ಲದು. ಕುಗ್ಗಿಸಿದರೆ ಗೀಟು, ಬಾಗು ಎಲ್ಲ ತೆಳ್ಳಗಾಗಿ ಅಚ್ಚಿನಲ್ಲಿ ಕಳೆದುಹೋಗುತ್ತವೆ. ಸಣ್ಣದನ್ನು ಸಣ್ಣದಾಗಿಯೇ ಹೊಸದಾಗಿ ಬಿಡಿಸಬೇಕು. ಕನ್ನಡದಲ್ಲಿ ಒತ್ತು ಬಿಡಿಸುವವರಿಗೆಲ್ಲ ಇದು ಗೊತ್ತು. ಕ್ವಿಲಿಸ್ಮಾ ಎಂಬ ಹಲ್ಲುಹಲ್ಲಾದ ಸ್ವರ ಇನ್ನೂ ಸೂಕ್ಷ್ಮ. ಏರುವ ಗುಂಪಿನ ನಡುವೆ ಬರುತ್ತದೆ, ಒಂಟಿಯಾಗಿ ಎಂದೂ ಬರುವುದಿಲ್ಲ. ಅದನ್ನು ಹಗುರವಾಗಿ ದಾಟಬೇಕು. ಅದರ ಹಲ್ಲು ಗರಗಸದ ಹಾಗೆ ಚೂಪಾದರೆ ಹಾಡುವವರು ಅಲ್ಲಿ ತಡವರಿಸುತ್ತಾರೆ. ಹಲ್ಲಿನ ತುದಿಯನ್ನು ಮೊಂಡು ಮಾಡಿದಾಗ ಗಂಟಲು ಸಲೀಸಾಗಿ ದಾಟುವುದನ್ನು ಆ ಪಾದ್ರಿಯ ಹಾಡುವ ಗುಂಪಿನಲ್ಲೇ ಕಂಡಿದ್ದೇನೆ.

ಹೌದು, ಈ ಫಾಂಟನ್ನು ಪರೀಕ್ಷಿಸುವುದು ಹಾಡಿಸಿಯೇ. ಅಚ್ಚು ಹಾಕಿ, ತೋಳಳತೆ ದೂರದಲ್ಲಿ ಹಿಡಿದುಕೊಂಡು ಹಾಡಲು ಹೇಳುತ್ತೇನೆ. ಅವರು ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಗುಂಪಿನ ನಡುವೆ ಉಸಿರು ಎಳೆದರೆ ಅಲ್ಲಿ ಜಾಗ ಜಾಸ್ತಿಯಾಗಿದೆ ಅಂತ ಅರ್ಥ. ಎರಡು ಗುಂಪನ್ನು ಒಂದೇ ಅಂತ ಹಾಡಿದರೆ ಜಾಗ ಕಡಿಮೆಯಾಗಿದೆ. ಅವರಲ್ಲಿ ಹೆಚ್ಚಿನವರಿಗೆ ನ್ಯೂಮಿನ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ನಮ್ಮ ಚರ್ಚುಗಳ ಪೂಜೆ ಕನ್ನಡಕ್ಕೆ, ಕೊಂಕಣಿಗೆ ಬಂತು. ಅದು ಆಗಬೇಕಾದದ್ದೇ. ಅದೇ ಸಭೆಯ 1963ರ ದಾಖಲೆ ಗ್ರೆಗೋರಿಯನ್ ಗಾನಕ್ಕೆ ಮೊದಲ ಮಣೆಯನ್ನೂ ಹಾಕಿತ್ತು. ಹಾಡಬೇಕು ಅನ್ನುವ ಹತ್ತು ಜನ ಇದ್ದರೂ ಅವರ ಕೈಗೆ ಸರಿಯಾದ ಹಾಳೆ ಸಿಗಲಿ ಅನ್ನುವುದು ನನ್ನ ಕಾಳಜಿ.

ಎಲ್ಲವನ್ನೂ ಫಾಂಟ್ ಮಾಡಬಹುದಾ? ಗೆರೆಯಿಲ್ಲದ ಆ ಹಳೆಯ ಸಾಂಕ್ಟ್ ಗಾಲನ್ ನ್ಯೂಮ್‌ಗಳ ಮುಂದೆ ನನಗೆ ಈ ಪ್ರಶ್ನೆ ಏಳುತ್ತದೆ. 1979ರಲ್ಲಿ ಗ್ರಾಜುವಾಲೆ ಟ್ರಿಪ್ಲೆಕ್ಸ್ ಬಂದಾಗ ಅಚ್ಚಿನ ಚೌಕ ಸ್ವರಗಳ ಮೇಲೆ ಫ್ರಾನ್ಸಿನ ಲಾನ್ ಊರಿನ ಹಸ್ತಪ್ರತಿಯ ನ್ಯೂಮ್‌ಗಳನ್ನು ಕಪ್ಪಿನಲ್ಲಿ, ಕೆಳಗೆ ಸಾಂಕ್ಟ್ ಗಾಲನ್ ಬಳಗದ ನ್ಯೂಮ್‌ಗಳನ್ನು ಕೆಂಪಿನಲ್ಲಿ ಕೊಟ್ಟರು. ಅವನ್ನು ಮಾರಿ ಕ್ಲೇರ್ ಬಿಯೆಕೋಕ್ ಎಂಬ ಸಿಸ್ಟರ್ ಮತ್ತು ರೂಪರ್ಟ್ ಫಿಷರ್ ಎಂಬ ಸಂನ್ಯಾಸಿ ಕೈಯಲ್ಲೇ ನಕಲು ಮಾಡಿದರು, ಪುಟದಿಂದ ಪುಟಕ್ಕೆ. ಈಗ ಗ್ರೆಗೋರಿಯೊದಲ್ಲಿ ಅವಕ್ಕೂ ಬರೆಯುವ ಕ್ರಮ ಇದೆ, ಗ್ರೆಗಾಲ್, ಗ್ರೆಲಾನ್ ಎಂಬ ಫಾಂಟುಗಳಿವೆ. ಅಭ್ಯಾಸಕ್ಕೆ, ಹುಡುಕಾಟಕ್ಕೆ ಬಹಳ ಉಪಯೋಗ. ನಾನೂ ಬಳಸುತ್ತೇನೆ. ಆದರೆ ಹಸ್ತಪ್ರತಿಯಲ್ಲಿ ಒಂದು ಕ್ಲಿವಿಸ್ ಇನ್ನೊಂದು ಕ್ಲಿವಿಸ್ಸಿನಂತೆ ಇರುವುದಿಲ್ಲ. ಒಂದು ಕಡೆ ಗೀಟು ಚೂರು ಉದ್ದ, ಇನ್ನೊಂದು ಕಡೆ ತುದಿಯಲ್ಲಿ ಒತ್ತು. ಅದು ಬರೆದವನ ಕೈಯ ಸಡಿಲವೋ, ಹಾಡುವವನಿಗೆ ಕೊಟ್ಟ ಸೂಚನೆಯೋ, ಪ್ರತಿ ಸಲ ನೋಡಿ ತೀರ್ಮಾನಿಸಬೇಕು. ಫಾಂಟ್ ಮಾಡುವಾಗ ಆ ತೀರ್ಮಾನವನ್ನು ಒಂದೇ ಸಲಕ್ಕೆ ಎಲ್ಲ ಜಾಗಕ್ಕೂ ಮಾಡಿಬಿಡುತ್ತೇವೆ. ಚೌಕ ಸ್ವರಲಿಪಿ ಅದನ್ನು ತಡೆದುಕೊಳ್ಳುತ್ತದೆ, ಅದು ಹುಟ್ಟಿದ್ದೇ ಎಲ್ಲರಿಗೂ ಒಂದೇ ರೀತಿ ಕಾಣಲಿ ಅಂತ. ಗೆರೆಯಿಲ್ಲದ ನ್ಯೂಮಿಗೆ ಪ್ರತಿ ಆಕಾರಕ್ಕೂ ಹಲವು ರೂಪ ಇಟ್ಟು, ಯಾವ ಹಸ್ತಪ್ರತಿಯ ಯಾವ ಪುಟದಿಂದ ತೆಗೆದದ್ದು ಅಂತ ಗ್ಲಿಫ್‌ನ ಹೆಸರಿನಲ್ಲೇ ಬರೆದಿಡುವುದು ಸರಿಯಾದ ದಾರಿ ಅಂತ ನನಗೆ ತೋರುತ್ತದೆ. ಮಠದ ಗ್ರಂಥಾಲಯ ಹಸ್ತಪ್ರತಿಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. 359ರ ಕ್ಲಿವಿಸ್‌ಗಳಿಂದ ಆ ಕೆಲಸ ಶುರುಮಾಡಿದ್ದೇನೆ.